ಘಾಟಿಯಾಚೆಯ ಹುಲ್ಲು

ಬುರುಲ್ ಕುರಿ ಕಾಯುವವಳು. ಇಷ್ಟು ಸಣ್ಣ ಮಾತನ್ನು ಒಪ್ಪಿಕೊಳ್ಳಲು ನಮ್ಮೂರು ತೆರೆಕ್‌ಬಾಶಿಯ ಜನಕ್ಕೆ ಎರಡು ವರ್ಷ ಹಿಡಿಯಿತು. ಮೊದಲು ಕುರಿ ಕಾಯುವವನ ಹೆಂಡತಿ ಎಂದರು, ಆಮೇಲೆ ಕುರಿ ಕಾಯುವವನ ವಿಧವೆ ಎಂದರು. ಇಪ್ಪತ್ತಾರು ಬೇಸಿಗೆ ಅವಳು ಗಂಡ ಚೊಲ್ಪೊನ್‌ಬಾಯ್ ಜತೆ ಊರಿನ ಮಂದೆ ಹೊಡೆದುಕೊಂಡು ಬೆಟ್ಟ ಹತ್ತಿದ್ದಳು. ಅವನು ಮಂದೆಯ ಮುಂದೆ, ಅವಳು ಹಿಂದೆ. "ನಂಗೆ ಬೆಟ್ಟ ಕಾಣುತ್ತೆ, ನಿಂಗೆ ಕುರಿ ಕುಂಡೆ ಕಾಣುತ್ತೆ" ಎಂದು ಅವನು ರೇಗಿಸುತ್ತಿದ್ದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮುನ್ನೂರು ಕುರಿಗಳನ್ನು ಹಿಂದಿನಿಂದ ನೋಡಿಯೇ ಯಾವುದು ಯಾರ ಮನೆಯದು, ಯಾವುದಕ್ಕೆ ಕಾಲು ನೋಯುತ್ತಿದೆ ಎಂದು ಹೇಳುವಷ್ಟು ಅವಳು ಪಳಗಿದ್ದು ಹಾಗೆ.

ಚೊಲ್ಪೊನ್‌ಬಾಯ್ ಒಂದು ಫೆಬ್ರವರಿಯಲ್ಲಿ ದೊಡ್ಡಿಯ ಮಾಡಿನ ಮೇಲೆ ಬಿದ್ದ ಹಿಮವನ್ನು ಸಲಿಕೆಯಿಂದ ಎಳೆಯುತ್ತಿದ್ದವನು ಎದೆ ಹಿಡಿದುಕೊಂಡು ಕೂತ, ಮತ್ತೆ ಏಳಲಿಲ್ಲ. ಆ ಬೇಸಿಗೆ ಊರಿನ ಮಂದೆ ಬೆಟ್ಟ ಹತ್ತಲಿಲ್ಲ. ಕಾಸಿಮಾಲಿ ಅಜ್ಜನ ಕಿರಿಮಗ ಜಾನಿಶ್ ಊರ ಕೆಳಗೆ ಬೇಲಿ ಹಾಕಿ ದೊಡ್ಡದೊಂದು ದೊಡ್ಡಿ ಕಟ್ಟಿದ. ಅಲ್ಲಿ ಕುರಿಗಳು ನಿಂತಲ್ಲೇ ನಿಂತು ಮೆಕ್ಕೆಜೋಳವನ್ನೂ ಹತ್ತಿಕಾಳಿನ ಹಿಂಡಿಯನ್ನೂ ತಿಂದವು. ಶರತ್ಕಾಲಕ್ಕೆ ಅವುಗಳ ಬಾಲದ ಕೊಬ್ಬು ದಿಂಬಿನ ಹಾಗೆ ಊದಿಕೊಂಡಿತು. ಜನ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಘಾಟಿ ಯಾಕೆ, ತೋಳ ಯಾಕೆ, ಆಲಿಕಲ್ಲಿನ ಕಾಟ ಯಾಕೆ ಎಂದು ಮಾತಾಡಿಕೊಂಡರು. ಮಾಂಸವನ್ನು ಬಾಯಿಗಿಟ್ಟಾಗ ಮಾತ್ರ ಯಾರೂ ಏನೂ ಹೇಳಲಿಲ್ಲ, ಸುಮ್ಮನೆ ಉಪ್ಪು ಕೇಳಿದರು.

ಅದರ ಮುಂದಿನ ವಸಂತದಲ್ಲಿ ಬುರುಲ್ ಮನೆಮನೆಗೆ ಹೋಗಿ, ಮಂದೆ ನನಗೆ ಕೊಡಿ, ನಾನು ಹತ್ತಿಸುತ್ತೇನೆ ಎಂದು ಕೇಳಿದಳು. ಅರ್ಧ ಊರು ಕೊಟ್ಟಿತು, ಅರ್ಧ ಊರು ನಕ್ಕಿತು. ಕಾಸಿಮಾಲಿ ಅಜ್ಜ ನಗಲಿಲ್ಲ, ಆದರೆ ಘಾಟಿ ಹೆಂಗಸಿನ ಕೆಲಸ ಅಲ್ಲ ಎಂದು ಅವಳ ಮುಖಕ್ಕೇ ಹೇಳಿದ. ಹೇಳಿಯೂ ತನ್ನ ಕುರಿಗಳಲ್ಲಿ ಅರ್ಧ ಅವಳಿಗೆ ಕೊಟ್ಟ, ಅರ್ಧ ಮಗನ ದೊಡ್ಡಿಗೆ ಬಿಟ್ಟ. ಮಗ ಒಂದು ಕಡೆ, ಅಭ್ಯಾಸ ಇನ್ನೊಂದು ಕಡೆ. ಶರತ್ಕಾಲದಲ್ಲಿ ಮಂದೆ ಇಳಿದ ಮೇಲೆ ಊರು ತೀರ್ಮಾನ ಮಾಡಲಿ ಎಂದು ಮಾತಾಯಿತು. ಮಂದೆ ಕೈತಪ್ಪಿದರೆ ಬುರುಲ್‌ಗೆ ಉಳಿಯುವುದು ಬಿಶ್‌ಕೆಕ್‌ನಲ್ಲಿರುವ ತಂಗಿಯ ಮನೆ, ಅಲ್ಲಿ ನೆಲಮಾಳಿಗೆಯಲ್ಲಿ ಟ್ಯೂಬ್‌ಲೈಟ್ ಕೆಳಗೆ ಕೂತು ಜಾಕೆಟ್ ಹೊಲಿಯುವ ಕೆಲಸ. ತಂಗಿ ಆಗಲೇ ಹೊಲಿಗೆ ಯಂತ್ರ ನೋಡಿಟ್ಟಿದ್ದಳು.

ಆ ಬೇಸಿಗೆ ಅವಳು ಒಬ್ಬಳೇ ಹೋದಳು. ಒಂದು ಕುದುರೆ, ಎರಡು ನಾಯಿ, ಒಂದು ಬಿಳಿ ಗುಡಾರ. ಆಕ್‌ಬೆಲ್ ಘಾಟಿಯಲ್ಲಿ ಹಿಮ ಕರಗಿರಲಿಲ್ಲವಾದ್ದರಿಂದ ಕೆಳಗೆ ರಸ್ತೆ ಪಕ್ಕದಲ್ಲೇ ಎಂಟು ದಿನ ಕಾಯಬೇಕಾಯಿತು. ಕಲ್ಲಿದ್ದಲು ಸಾಗಿಸುವ ಟ್ರಕ್ಕಿನವನೊಬ್ಬ ಆ ಗುಡಾರ ನೋಡಿಕೊಂಡು ಹೋಗಿ ಊರಲ್ಲಿ ಹೇಳಿದ. ಊರಿಗೆ ಅಷ್ಟು ಸಾಕಾಯಿತು. ಬುರುಲ್ ಘಾಟಿ ಹತ್ತಲೇ ಇಲ್ಲ, ರಸ್ತೆ ಪಕ್ಕದ ಧೂಳು ಹುಲ್ಲು ಮೇಯಿಸಿಕೊಂಡು ಕೂತಿದ್ದಾಳೆ ಎಂಬ ಸುದ್ದಿ ಮನೆಮನೆಯ ಟೀ ಜತೆ ಹಂಚಿಹೋಯಿತು.

ಒಂಬತ್ತನೆಯ ದಿನ ಬೆಳಕು ಹರಿಯುವ ಮುಂಚೆ, ಹಿಮ ಇನ್ನೂ ಗಟ್ಟಿಯಾಗಿರುವಾಗ, ಅವಳು ಮಂದೆ ಎಬ್ಬಿಸಿದಳು. ಜೀವನದಲ್ಲಿ ಮೊದಲ ಸಲ ಮಂದೆಯ ಮುಂದೆ ನಿಂತಳು. ಘಾಟಿಯ ನೆತ್ತಿಗೆ ಬಂದಾಗ ಸೂರ್ಯ ಹುಟ್ಟಿದ. ಸಾಲು ಸಾಲು ಬೆಟ್ಟಗಳು ಒಂದರ ಹಿಂದೆ ಒಂದು ಹೊತ್ತಿಕೊಂಡವು. ಇಪ್ಪತ್ತಾರು ಸಲ ಇದೇ ಜಾಗದಲ್ಲಿ ಕಾಲಿಟ್ಟವಳಿಗೆ ಇದು ಕಂಡೇ ಇರಲಿಲ್ಲ. ಅವಳಿಗೆ ಭಯವೂ ಆಯಿತು, ಖುಷಿಯೂ ಆಯಿತು, ಗಂಡನ ಮೇಲೆ ಸ್ವಲ್ಪ ಕೋಪವೂ ಬಂತು.

ಜುಲೈನಲ್ಲಿ ಆಲಿಕಲ್ಲು ಬಿದ್ದು ಘಾಟಿಯಾಚೆಯ ಮಾಮೂಲಿ ಜಯ್ಲೋ, ಅಂದರೆ ಬೇಸಿಗೆಯ ಹುಲ್ಲುಗಾವಲು, ಪೂರ್ತಿ ನೆಲಕಚ್ಚಿತು. ಬೇರೆಯವರಾಗಿದ್ದರೆ ಮಂದೆ ತಿರುಗಿಸುತ್ತಿದ್ದರು. ಬುರುಲ್ ಅದರಾಚೆಗೆ ಚೂಪಾಗಿ ಎದ್ದ ಬೆಟ್ಟದ ಏಣನ್ನು ನೋಡಿದಳು. ಅಲ್ಲಿಗೆ ಈಗಿನವರು ಯಾರೂ ಹೋದವರಲ್ಲ. ಕಾಲುದಾರಿಯೂ ಇರಲಿಲ್ಲ. ಮಂದೆಯ ಜತೆಗಿದ್ದ ಮೇಕೆಗಳನ್ನು ಮುಂದೆ ಬಿಟ್ಟು, ಕುದುರೆಯಿಂದಿಳಿದು, ಎರಡು ದಿನ ಹತ್ತಿದಳು. ಒಂದು ಕುರಿ ಜಾರಿ ಹೋಯಿತು. ಅದು ಅವಳ ಸ್ವಂತದ್ದೇ ಆಗಿದ್ದಕ್ಕೆ ದೇವರನ್ನು ನೆನೆದಳು. ಏಣಿನ ಆಚೆ ಹಿಮನದಿಯ ಬುಡದಲ್ಲಿ ಒಂದು ಬಯಲು ಬಿದ್ದುಕೊಂಡಿತ್ತು. ಮಂಡಿಯುದ್ದ ಹುಲ್ಲು. ಹುಲ್ಲಿನ ನಡುವೆ ಕಾಡು ಈರುಳ್ಳಿಯ ನೇರಳೆ ಹೂ, ಕಾಲಿಟ್ಟಲ್ಲೆಲ್ಲ ಘಮ ಎನ್ನುವ ಒಂದು ಪುಟ್ಟ ಬೂದು ಗಿಡ, ಅದರ ಹೆಸರೂ ಅವಳಿಗೆ ಗೊತ್ತಿಲ್ಲ. ಮಂದೆಯ ಕುರಿಗಳೆಲ್ಲ ಒಂದೇ ಸಲ ತಲೆ ಬಗ್ಗಿಸಿದವು, ಸಂಜೆವರೆಗೆ ಎತ್ತಲಿಲ್ಲ. ಅವು ಹುಲ್ಲು ಹರಿಯುವ ಸದ್ದು ಒಂದೇ ಕೇಳುತ್ತಿತ್ತು. ಬುರುಲ್ ಅಲ್ಲೇ ಕೂತು ಅತ್ತಳು. ಇಷ್ಟು ದೊಡ್ಡದನ್ನು ಒಬ್ಬಳೇ ನೋಡಬೇಕಾಯಿತಲ್ಲ ಎಂದು ಅತ್ತಳು.

ಸೆಪ್ಟೆಂಬರ್ ಕೊನೆಗೆ ಇಳಿದು ಬಂದಾಗ ಎಲ್ಲಿಗೆ ಹೋಗಿದ್ದೆ ಎಂದು ಯಾರೂ ಕೇಳಲಿಲ್ಲ. ಎಲ್ಲರೂ ಕುರಿಗಳ ಬಾಲ ನೋಡುತ್ತಿದ್ದರು. ಬೆಟ್ಟ ಹತ್ತಿಳಿದ ಕುರಿಯ ಬಾಲ ದೊಡ್ಡಿಯ ಕುರಿಯ ಬಾಲದಷ್ಟು ದಪ್ಪ ಇರುವುದಿಲ್ಲ. ಬೆಕ್ತುರ್ ಎಂಬವನು, ಊರಲ್ಲೇ ಹೆಚ್ಚು ಕುರಿ ಇರುವವನು, ತನ್ನದೊಂದರ ಬಾಲ ಹಿಡಿದು ಅಳ್ಳಾಡಿಸಿ, ಇದನ್ನು ಬಟಾಣಿ ಕಾಳು ತೂಗುವ ತಕ್ಕಡಿಯಲ್ಲಿ ಹಾಕಬಹುದು ಎಂದ. ಬುರುಲ್ ಅವನ ಕುರಿಗಳನ್ನು ಬೇರೆ ಮಾಡಿ ಎಣಿಸಿ ಕೊಟ್ಟಳು. ಏಣಿನಾಚೆಯ ಹುಲ್ಲಿನ ಸುದ್ದಿ ಹೇಳಿದರೂ ನಂಬುವವರು ಯಾರು?

ಮಂದೆ ಇಳಿದ ಮೂರನೆಯ ದಿನ ನಮ್ಮೂರಿನ ಹಿರಿಯನ ಮನೆಯಲ್ಲಿ ಊಟ. ಬೆಟ್ಟದಿಂದ ಬಂದ ಕುರಿಯೊಂದನ್ನು ಕಡಿದು, ಕುರಿ ಇರುವ ಮನೆಗಳವರೆಲ್ಲ ಒಂದೇ ದಸ್ತರ್‌ಖಾನ್, ಅಂದರೆ ನೆಲಕ್ಕೆ ಹಾಸಿದ ಊಟದ ಬಟ್ಟೆಯ ಸುತ್ತ ಕೂತು ಉಣ್ಣುತ್ತಾರೆ. ಮೊದಲ ಬಟ್ಟಲು ಸಾರು ಹಿರಿಯನಿಗೆ. ಅವನು ಕುಡಿದು ಹೇಳಿದ್ದೇ ಮಾತು, ಮುಂದಿನ ವರ್ಷದ ಮಂದೆ ಕಾಯುವವರ ಕೈಯಲ್ಲಿ ಉಳಿಯುವುದೂ ಬಿಡುವುದೂ ಅದರ ಮೇಲೆ. ಕಾಗದ ಪತ್ರ ಯಾವುದೂ ಇಲ್ಲ.

ಹಿರಿಯ ಅಂದರೆ ಕಾಸಿಮಾಲಿ. ಎಂಬತ್ತು ದಾಟಿದವನು, ಕಣ್ಣಿಗೆ ಪೊರೆ ಬಂದು ಎದುರಿಗಿದ್ದವರ ಮುಖ ಬರೀ ಮಸುಕು. ನಾಲಿಗೆಗೆ ಮಾತ್ರ ವಯಸ್ಸೇ ಆಗಿರಲಿಲ್ಲ. ಹಿಂದೆ ಸಾಮೂಹಿಕ ಜಮೀನಿನ ಕಾಲದಲ್ಲಿ ಅವನು ಕುರುಬರ ಮುಖಂಡ. ನರಿನ್ ಪೇಟೆಯ ಕಟುಕರು ಅವನು ಬರುತ್ತಿದ್ದರೆ ಕೆಲವು ತುಂಡುಗಳನ್ನು ಬಟ್ಟೆಯಡಿ ಸರಿಸುತ್ತಿದ್ದರು. ಒಮ್ಮೆ ಒಂದು ಮದುವೆ ಮನೆಯಲ್ಲಿ ಸಾರು ಕುಡಿದು, ಈ ಕುರಿಯನ್ನು ಲಾರಿಯಲ್ಲಿ ತಂದಿದ್ದೀರಿ, ಪಾಪ ಹೆದರಿಕೊಂಡಿತ್ತು ಎಂದನಂತೆ. ತಂದದ್ದು ಲಾರಿಯಲ್ಲೇ. ಇದೆಲ್ಲ ಕಟ್ಟುಕತೆ ಎನ್ನುವವರು ಅವನ ಎದುರಿಗೆ ಕೂತು ಉಂಡವರಲ್ಲ.

ಆ ಬೆಳಿಗ್ಗೆ ಕಾಸಿಮಾಲಿ ಮಗನನ್ನು ಕರೆದು, ಜನರೆದುರಿಗೆ ಮರ್ಯಾದೆ ಉಳಿಸುವಂಥ ಒಂದು ಕುರಿ ತಾ ಎಂದ. ಜಾನಿಶ್ ಹಿತ್ತಲ ದೊಡ್ಡಿಗೆ ಹೋದ. ಬುರುಲ್ ಬೆಟ್ಟದಿಂದ ತಂದು ಬಿಟ್ಟಿದ್ದ ಅಪ್ಪನ ಕುರಿಗಳು ಅಲ್ಲಿದ್ದವು. ಹಿಂದಿನ ದಿನವಷ್ಟೇ ಅವನೇ ಕೆಳಗಿನ ದೊಡ್ಡಿಯಿಂದ ತಂದ ಮೂರು ಕುರಿಗಳೂ ಅಲ್ಲೇ ಇದ್ದವು. ಎಲ್ಲಕ್ಕೂ ಬೆನ್ನ ಮೇಲೆ ಆ ಮನೆಯ ಅದೇ ಕೆಂಪು ಬಣ್ಣದ ಗುರುತು. ಜಾನಿಶ್ ಕೆಟ್ಟವನಲ್ಲ, ಅವನು ಮೋಸ ಮಾಡಿದ ಎಂದು ನಾನು ಹೇಳುವುದಿಲ್ಲ. ಅತಿಥಿಗಳು ಬರುವ ದಿನ ನಮ್ಮವರ ಕೈ ತಾನಾಗಿ ದೊಡ್ಡ ಬಾಲದ ಕಡೆ ಹೋಗುತ್ತದೆ. ಅವನ ಕೈಯೂ ಹೋಯಿತು. ಕುರಿಯನ್ನು ಬಾಗಿಲಿಗೆ ತಂದ. ಕಾಸಿಮಾಲಿ ಹೊಸ್ತಿಲಲ್ಲಿ ನಿಂತು ಎರಡೂ ಅಂಗೈ ತೆರೆದು ಬಾತಾ ಹೇಳಿದ, ಅಂದರೆ ಹರಸಿದ. ಸುತ್ತ ನಿಂತವರೆಲ್ಲ ಅಂಗೈಯನ್ನು ಮುಖದ ಮೇಲೆ ಸವರಿಕೊಂಡು "ಒಮಿನ್" ಎಂದರು. ಬಾತಾ ಆದ ಮೇಲೆ ಆ ಕುರಿ ಆ ಊಟದ್ದೇ. ಬೇಡ ಎಂದು ಅದನ್ನು ತಿರುಗಿಸಿದವರನ್ನು ನಾನು ಈವರೆಗೆ ನೋಡಿಲ್ಲ.

ಬುರುಲ್ ಅಡುಗೆಗೆ ನೆರವಾಗಲು ಬಂದಾಗ ಕುರಿ ಕಡಿದಾಗಿತ್ತು. ತಲೆ ಮತ್ತು ನಾಲ್ಕು ಪಾದಗಳ ಕೂದಲು ಸುಡುವ ಕೆಲಸ ಅವಳ ಪಾಲಿಗೆ ಬಂತು. ಅವಳು ಬೆಂಕಿಯ ಮುಂದೆ ಕೂತು ಮೊದಲ ಪಾದ ಕೈಗೆತ್ತಿಕೊಂಡಳು. ಗೊರಸು ಉದ್ದ ಬೆಳೆದು ತುದಿ ಮೇಲಕ್ಕೆ ಬಾಗಿತ್ತು. ಕಲ್ಲು ತುಳಿದ ಗೊರಸು ಹಾಗೆ ಇರುವುದಿಲ್ಲ, ಸವೆದು ಮೊಂಡಾಗಿರುತ್ತದೆ. ಎರಡನೆಯದು ನೋಡಿದಳು, ಮೂರನೆಯದು ನೋಡಿದಳು. ಇದು ಅವಳ ಹಿಂದೆ ಘಾಟಿ ಹತ್ತಿದ ಕುರಿಯಲ್ಲ.

ಜಾನಿಶ್‌ನ ಹೆಂಡತಿ ತಾಟಿಗುಲ್ ಪಕ್ಕದಲ್ಲೇ ಹಿಟ್ಟು ಲಟ್ಟಿಸುತ್ತಿದ್ದಳು. ಬುರುಲ್ ಪಾದವನ್ನು ಅವಳ ಮುಂದೆ ಹಿಡಿದಳು. ತಾಟಿಗುಲ್ ನೋಡಿದಳು, ಅರ್ಥ ಮಾಡಿಕೊಂಡಳು, ಲಟ್ಟಣಿಗೆ ಕೆಳಗಿಟ್ಟಳು.

"ಹೇಳ್ಬಿಡ್ಲಾ ಅಕ್ಕ? ಮಾವನಿಗೆ ಈಗ್ಲೇ ಹೋಗಿ ಹೇಳ್ಬಿಡ್ತೀನಿ."

"ಏನಂತ ಹೇಳ್ತೀಯಾ? ನಿಮಗೆ ಕಣ್ಣು ಕಾಣದೇ ಇದ್ದಿದ್ದಕ್ಕೆ ತಪ್ಪು ಕುರೀಗೆ ಬಾತಾ ಕೊಟ್ರಿ ಅಂತ, ಇಡೀ ಊರು ಕೂತಿರುವಾಗ?"

"ಹಂಗಾದ್ರೆ ನಿನ್ನ ಗತಿ?"

ಬುರುಲ್ ನಾಲ್ಕನೆಯ ಪಾದವನ್ನು ಬೆಂಕಿಗೆ ಹಿಡಿದಳು. ತಂಗಿಯ ಮನೆಯ ನೆಲಮಾಳಿಗೆ ಕಣ್ಣ ಮುಂದೆ ಬಂತು, ಕಿಟಕಿಯ ತುದಿಯಲ್ಲಿ ನಡೆದು ಹೋಗುವವರ ಕಾಲುಗಳು ಮಾತ್ರ ಕಾಣುವ ಆ ಕೋಣೆ. ಆದರೆ ಅಂಗೈ ತೆರೆದು ಹರಸಿದ ಮುದುಕನ ಮಾತನ್ನು ಅವನ ಬಾಯಿಂದ ಕಿತ್ತುಕೊಳ್ಳುವುದು ಅವಳಿಂದ ಆಗದ ಕೆಲಸ. ಅವಳು ಸುಟ್ಟ ಪಾದಗಳನ್ನು ಉಜ್ಜಿ ತೊಳೆದು ಕೊಟ್ಟು ಒಳಗೆ ಹೋದಳು.

ಮಧ್ಯಾಹ್ನ ಎಲ್ಲರೂ ಕೂತರು. ಕಾಸಿಮಾಲಿ ಮೇಲಿನ ಜಾಗದಲ್ಲಿ, ಬೆಕ್ತುರ್ ಅವನ ಬಲಕ್ಕೆ, ಬುರುಲ್ ಹೆಂಗಸರ ಸಾಲಿನಲ್ಲಿ ಬಾಗಿಲ ಹತ್ತಿರ. ತಾಟಿಗುಲ್ ಸಾರಿನ ಬಟ್ಟಲು ತಂದು ಮಾವನ ಕೈಗಿಟ್ಟಳು. ಅವನು ಒಂದು ಗುಟುಕು ಕುಡಿದು ಬಾಯೊಳಗೇ ಇಟ್ಟುಕೊಂಡ. ಅವನು ಬಟ್ಟಲು ಕೆಳಗಿಟ್ಟ.

"ಈ ಕುರಿ ಘಾಟಿ ಹತ್ತಿಲ್ಲ" ಎಂದ.

ಬುರುಲ್ ತಲೆ ಬಗ್ಗಿಸಿ ತನ್ನ ಕೈಗಳನ್ನೇ ನೋಡಿದಳು. ಕೂದಲು ಸುಟ್ಟ ವಾಸನೆ ಅವಕ್ಕೆ ಇನ್ನೂ ಅಂಟಿಕೊಂಡಿತ್ತು. ಜಾನಿಶ್ ಮುರಿಯುತ್ತಿದ್ದ ರೊಟ್ಟಿಯನ್ನು ಕೆಳಗಿಟ್ಟ. ಕುರಿ ಹಿಡಿದು ತಂದ ಕೈ ಯಾವ ಕುರಿಯ ಮೇಲೆ ಹೋಗಿತ್ತು ಎಂದು ಅವನಿಗೆ ಆಗ ಹೊಳೆದಿರಬೇಕು. ಬೆಕ್ತುರ್ ಮಾತ್ರ ಹಿಗ್ಗಿದ.

"ನಾನು ಜೂನ್‌ನಲ್ಲೇ ಹೇಳಿರ್ಲಿಲ್ವಾ? ರಸ್ತೆ ಪಕ್ಕ ಗುಡಾರ ಹಾಕ್ಕೊಂಡು, ಟೀ ಕಾಯಿಸ್ಕೊಂಡು, ಹೋಗೋ ಬರೋ ಟ್ರಕ್ ಎಣಿಸ್ಕೊಂಡು ಬೇಸಿಗೆ ಕಳೆದುಬಿಟ್ಲು ನಮ್ಮ ಬುರುಲಕ್ಕ."

"ನನ್ನ ಮಾತು ಇನ್ನೂ ಮುಗಿದಿಲ್ಲ ಬೆಕ್ತುರ್. ನಿನ್ನ ಬಾಯಲ್ಲಿ ತುಂಡಿದೆ, ಅದನ್ನ ಅಗಿ."

ಕಾಸಿಮಾಲಿ ಮತ್ತೆ ಬಟ್ಟಲು ಎತ್ತಿಕೊಂಡ. ಈ ಸಲ ಕಣ್ಣು ಮುಚ್ಚಿ ನಿಧಾನವಾಗಿ ಕುಡಿದ. ಅವನು ಕುಡಿಯುವುದನ್ನು ನೋಡುತ್ತ ಕೂತವರಿಗೆ ತಮ್ಮ ಬಟ್ಟಲು ಮರೆತುಹೋಯಿತು.

"ಘಾಟಿ ಹತ್ತಿಲ್ಲ ಅಷ್ಟೇ ಅಲ್ಲ. ರಸ್ತೆ ಪಕ್ಕದ ಹುಲ್ಲನ್ನೂ ತಿಂದಿಲ್ಲ. ಇದು ಹುಲ್ಲೇ ತಿಂದಿಲ್ಲ. ಮೆಕ್ಕೆಜೋಳ ತಿಂದಿದೆ, ಹತ್ತಿ ಹಿಂಡಿ ತಿಂದಿದೆ. ನಿಂತ ನೀರು ಕುಡಿದಿದೆ, ಅದೂ ನಮ್ಮ ಹಿತ್ತಲಿಂದ ಕೆಳಗಿಳಿದು ನಿಲ್ಲೋ ಕಾಲುವೆ ನೀರು. ಜಾನಿಶ್, ಇದು ನಿನ್ನ ದೊಡ್ಡೀದು."

ಜಾನಿಶ್ ಹೌದು ಎಂದ. ಕೂತವರೆಲ್ಲ ಆ ಮುದುಕನ ಬಾಯನ್ನು ನೋಡಿದರು. ಯಾವ ಕಾಲುವೆಯ ನೀರು ಎಂದು ಹೇಳುವ ನಾಲಿಗೆ! ತನ್ನ ಮಾನ ಉಳಿಯಿತು ಎಂಬುದು ಬುರುಲ್‌ಗೆ ಆಮೇಲೆ ಹೊಳೆಯಿತು, ಮೊದಲು ಆದದ್ದು ಬರೀ ಬೆರಗು. ಮುದುಕ ಮಸುಕು ಕಣ್ಣನ್ನು ಬಾಗಿಲ ಕಡೆ ತಿರುಗಿಸಿದ.

"ಬುರುಲ್, ಪಾದ ಸುಟ್ಟೋಳು ನೀನು. ಗೊರಸು ನೋಡಿರ್ತೀಯ. ಯಾಕೆ ಬಾಯಿ ಬಿಡ್ಲಿಲ್ಲ?"

"ನೀವು ಬಾತಾ ಕೊಟ್ಟಾಗಿತ್ತು ಅಜ್ಜ."

"ನಿನ್ನ ಮಂದೆ ಹೋಗ್ತಿತ್ತಲ್ಲ?"

"ಹೋಗ್ತಿತ್ತು."

ಕಾಸಿಮಾಲಿ ಸ್ವಲ್ಪ ಹೊತ್ತು ಗಡ್ಡ ನೀವಿಕೊಂಡ. ಆಮೇಲೆ, ಇವಳ ಹುಲ್ಲಿನ ರುಚಿ ನೋಡದೆ ಇವತ್ತು ಯಾರೂ ಈ ಮನೆಯಿಂದ ಏಳಬಾರದು ಎಂದ. ತಾನೇ ಎದ್ದು, ಸೊಸೆಯ ಭುಜ ಹಿಡಿದುಕೊಂಡು ಹಿತ್ತಲಿಗೆ ಹೋದ. ಒಂದೊಂದೇ ಕುರಿಯ ಕಾಲೆತ್ತಿ ಗೊರಸು ಸವರಿದ, ಬೆನ್ನ ಮೇಲೆ ಬೆರಳೊತ್ತಿ ನೋಡಿದ. ಸಣ್ಣ ಬಾಲದ, ಎಳೆ ಪ್ರಾಯದ ಒಂದನ್ನು ಆರಿಸಿದ. ಎಲ್ಲರೂ ಹೊರಗೆ ಬಂದು ಅಂಗೈ ತೆರೆದು ನಿಂತರು, ಅವನ ಬಾತಾ ಕಾಯುತ್ತ. ಅವನು ತಾನೂ ಅಂಗೈ ತೆರೆದು, ಈ ಸಲ ಬುರುಲ್ ಹೇಳಲಿ ಎಂದ. ಗಂಡಸರು ಮುಖ ಮುಖ ನೋಡಿಕೊಂಡರು. ಹಿರಿಯ ಇರುವಾಗ ಬೇರೆಯವರು ಬಾತಾ ಹೇಳುವುದು ಆ ಅಂಗಳದಲ್ಲಿ ಅದೇ ಮೊದಲು.

ಬುರುಲ್‌ಗೆ ಉದ್ದದ ಬಾತಾ ಯಾವುದೂ ಬಾಯಿಗೆ ಬರುತ್ತಿರಲಿಲ್ಲ. ಅಂಗೈ ತೆರೆದಳು.

"ಹಿಮ ಹೊತ್ತಿಗೆ ಸರಿಯಾಗಿ ಕರಗ್ಲಿ. ಹುಲ್ಲು ಹುಟ್ಟಿದಲ್ಲೇ ಮತ್ತೆ ಹುಟ್ಲಿ. ಹತ್ತಿದವರೆಲ್ಲ ಇಳಿದು ಬರ್ಲಿ. ಒಮಿನ್."

ಒಮಿನ್ ಎಂದರು ಎಲ್ಲರೂ. ಬೆಕ್ತುರ್ ಕೂಡ ಎಂದ, ಸ್ವಲ್ಪ ತಡವಾಗಿ.

ಸಾರು ಕುದಿಯುವುದಕ್ಕೆ ಮೂರು ಗಂಟೆ ಹಿಡಿಯಿತು. ಯಾರೂ ಕದಲಲಿಲ್ಲ. ಮಡಕೆಯ ಮುಚ್ಚಳ ತೆಗೆದಾಗ ಹಬೆ ಒಳಗಿನ ಕೋಣೆಯವರೆಗೂ ಬಂತು. ಮಧ್ಯಾಹ್ನ ಅಷ್ಟೊಂದು ತಿಂದವರ ಬಾಯಲ್ಲಿ ಮತ್ತೆ ನೀರೂರಿತು. ಇದು ಬೇರೆ ಎಂದು ಮೂಗಿರುವವರಿಗೆಲ್ಲ ಗೊತ್ತಾಯಿತು, ಎಷ್ಟು ಬೇರೆ ಎಂದು ಹೇಳಲು ಒಬ್ಬನೇ ಬೇಕಾಗಿತ್ತು.

ಕಾಸಿಮಾಲಿ ಮೊದಲು ಬೆನ್ನಿನ ತುಂಡು ತೆಗೆದುಕೊಂಡು ಕೊಬ್ಬನ್ನು ಬೆರಳಲ್ಲಿ ಬಿಡಿಸಿದ. ಎರಡು ಪದರ ಇದೆ, ಒಳಗಿನದು ಬಡಕಲು, ಬೇಸಿಗೆಯ ಮೊದಲಲ್ಲಿ ಘಾಟಿ ಕೆಳಗೆ ಕಾದಿದ್ದೀಯ, ಎಂಟೋ ಹತ್ತೋ ದಿನ ಎಂದ. ಎಂಟು ಎಂದಳು ಬುರುಲ್. ಟ್ರಕ್ಕಿನವನು ನೋಡಿದ್ದು ಅದನ್ನೇ ಎಂದು ಎಲ್ಲರಿಗೂ ಅಲ್ಲೇ ತಿಳಿಯಿತು. ಮುದುಕ ಸಾರು ಕುಡಿದ. ಕಾಡು ಈರುಳ್ಳಿ ಎಂದ, ಹಿಮದ ನೀರು ಎಂದ. ಇನ್ನೊಂದು ಗುಟುಕು ಕುಡಿದ. ಬಟ್ಟಲು ವಾಲಿ ಸಾರು ಅಂಗಿಯ ತೋಳಿಗೆ ಚೆಲ್ಲಿತು. ತಾಟಿಗುಲ್ ಬಟ್ಟಲು ತೆಗೆದುಕೊಳ್ಳಲು ಹೋದರೆ ಅವನು ಬಿಡಲಿಲ್ಲ.

"ಇದು ಆಕ್‌ಬೆಲ್ ಆಚೆ ಜಯ್ಲೋ ಅಲ್ಲ. ಅದರಾಚೆ ಏಣು ದಾಟಿದ್ದೀಯ ನೀನು."

"ಹೂಂ ಅಜ್ಜ. ಆಲಿಕಲ್ಲು ಬಿದ್ದು ಈಚೆ ಹುಲ್ಲು ಹೋಯ್ತು."

"ಹಿಮನದಿ ಬುಡಕ್ಕೆ ಹೋಗಿದ್ದೀಯ. ಆ ಬೂದು ಗಿಡ ಅಲ್ಲಿ ಬಿಟ್ಟು ಇನ್ನೆಲ್ಲೂ ಇಲ್ಲ. ಕೊನೇ ಸಲ ಈ ರುಚಿ ನೋಡ್ದಾಗ ನಂಗೆ ಇಪ್ಪತ್ತೆರಡು ವರ್ಷ."

ಅರವತ್ತು ವರ್ಷ ಯಾರ ಬಾಯಲ್ಲೂ ಇಲ್ಲದ ಒಂದು ರುಚಿಯನ್ನು ಆ ನಾಲಿಗೆ ಇಟ್ಟುಕೊಂಡು ಕೂತಿತ್ತು, ಈ ಹೆಂಗಸು ಒಬ್ಬಳೇ ಹೋಗಿ ಅದನ್ನು ಕುರಿಯ ಮೈಯಲ್ಲಿ ಹೊತ್ತು ತಂದಿದ್ದಳು. ಇಬ್ಬರಲ್ಲಿ ಯಾರನ್ನು ನೋಡಿ ಬೆರಗಾಗಬೇಕು ಎಂದು ನಮಗೆ ತಿಳಿಯಲಿಲ್ಲ. ಬೆಕ್ತುರ್ ತನ್ನ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಮಸೀದಿಯಲ್ಲಿ ಕೂತವನ ಹಾಗೆ ಸದ್ದಿಲ್ಲದೆ ಕುಡಿಯುತ್ತಿದ್ದ.

"ಹುಲ್ಲು ಇನ್ನೂ ಇದೆಯಾ ಅಲ್ಲಿ?" ಕೇಳಿದ ಕಾಸಿಮಾಲಿ. ಅವನ ದನಿ ಸಣ್ಣದಾಗಿತ್ತು.

"ಮಂಡಿವರೆಗಿದೆ ಅಜ್ಜ. ಬೇರೆ ಯಾರೂ ಮುಟ್ಟಿಲ್ಲ."

ಅವನು ಅಳುತ್ತಿದ್ದ, ಅಳುವುದನ್ನು ಮುಚ್ಚಿಡಲೂ ಇಲ್ಲ. ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ. ಜನ ಅವನ ತೀರ್ಮಾನ ಕಾಯುತ್ತಿದ್ದರು. ಮಂದೆ ಯಾರಿಗೆ ಎಂದು ಅವನು ಇನ್ನೂ ಬಾಯಿಬಿಟ್ಟು ಹೇಳಿರಲಿಲ್ಲ. ಬುರುಲ್ ಕೂಡ ಕಾಯುತ್ತಿದ್ದಳು.

"ಬರೋ ವಸಂತಕ್ಕೆ ನೀನು ಮಂದೆ ಹೊಡ್ಕೊಂಡು ಹೊರಡೋವಾಗ ನನ್ನನ್ನೂ ಕುದುರೆ ಮೇಲೆ ಕೂರಿಸ್ಕೊಂಡು ಹೋಗು" ಎಂದ ಮುದುಕ.

ಜಾನಿಶ್ ಗಾಬರಿಯಾಗಿ, ಅಪ್ಪ, ಈ ವಯಸ್ಸಲ್ಲಿ ಘಾಟಿಯಾ ಎಂದ. ಅಪ್ಪ ಅವನ ಕಡೆ ತಿರುಗಲಿಲ್ಲ. ಬುರುಲ್ ಮುದುಕನ ಕಾಲು ನೋಡಿದಳು, ಬೆನ್ನು ನೋಡಿದಳು, ಹಿಡಿತ ಎಷ್ಟಿದೆ ಎಂದು ಅವನ ಕೈ ನೋಡಿದಳು. ಮಂದೆಗೆ ಹೊಸ ಪ್ರಾಣಿ ಸೇರಿಸಿಕೊಳ್ಳುವಾಗ ನೋಡುವ ಹಾಗೆಯೇ ನೋಡಿದಳು.

"ದಾರಿ ಕಡಿದಾಗಿದೆ ಅಜ್ಜ. ಅಲ್ಲಿ ನಾನು ನಿಲ್ಲು ಅಂದ್ರೆ ನಿಲ್ಬೇಕು, ಇಳಿ ಅಂದ್ರೆ ಇಳೀಬೇಕು. ಎದುರು ಮಾತಾಡ್ಬಾರ್ದು."

"ಆಗ್ಲಿ, ನೀನು ಹೇಳ್ದಂಗೇ ಕೇಳ್ತೀನಿ" ಎಂದ ಕಾಸಿಮಾಲಿ, ಊರಿನವರೆಲ್ಲರ ಎದುರಿಗೆ.